ಟರ್ಬೋ ಕಾರಿಗೆ ದೊಡ್ಡ ಇಂಟರ್‌ಕೂಲರ್: ಘಟ್ಟದ ದಾರಿಯಲ್ಲಿ ಲಾಭವೆಷ್ಟು, ನಷ್ಟವೆಷ್ಟು?

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಿಂದ ಕರಾವಳಿಗೆ ಹೋಗಿಬರುವವರಿಗೆ ಘಟ್ಟ ತಪ್ಪಿದ್ದಲ್ಲ. ಶಿರಸಿ-ಕುಮಟಾ ನಡುವೆ ದೇವಿಮನೆ ಘಟ್ಟ, ಯಲ್ಲಾಪುರ-ಅಂಕೋಲಾ ನಡುವೆ ಅರಬೈಲು ಘಟ್ಟ, ಸಿದ್ದಾಪುರದ ಕಡೆಯಿಂದ ಹೊನ್ನಾವರಕ್ಕೆ ಇಳಿಯುವವರಿಗೆ ಮಾವಿನಗುಂಡಿಯಿಂದ ಗೇರುಸೊಪ್ಪೆಯವರೆಗಿನ ತಿರುವುಗಳು. ಇಳಿಯುವಾಗ ಬ್ರೇಕಿನ ಪರೀಕ್ಷೆಯಾದರೆ ಹತ್ತುವಾಗ ಇಂಜಿನ್ನಿನ ಪರೀಕ್ಷೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಐದು ಜನ ಮತ್ತು ಸಾಮಾನುಗಳೊಂದಿಗೆ ಹತ್ತುವ ಟರ್ಬೋ ಕಾರು, ಬುಡದಲ್ಲಿ ತೋರಿದ ಚುರುಕನ್ನು ಅರ್ಧ ದಾರಿಯಲ್ಲಿ ಕಳೆದುಕೊಳ್ಳುವುದು ಅನೇಕ ಮಾಲೀಕರ ಅನುಭವ. ಇದಕ್ಕೆ ಪರಿಹಾರವೆಂದು ಸಾಮಾನ್ಯವಾಗಿ ಸೂಚಿಸಲಾಗುವ ಮಾರ್ಗಗಳಲ್ಲಿ ಒಂದು, ಕಂಪನಿ ಕೊಟ್ಟ ಇಂಟರ್‌ಕೂಲರ್ ತೆಗೆದು ದೊಡ್ಡದನ್ನು ಹಾಕಿಸುವುದು. ಈ ಬದಲಾವಣೆ ಯಾರಿಗೆ ಉಪಯುಕ್ತ, ಯಾರಿಗೆ ವ್ಯರ್ಥ, ಕಾನೂನು ಏನು ಹೇಳುತ್ತದೆ ಎಂಬ ವಿವರಗಳು ಇಲ್ಲಿವೆ.

ಇಂಟರ್‌ಕೂಲರ್ ಎಂದರೇನು?

ಇಂಜಿನ್ನಿನಿಂದ ಹೊರಹೋಗುವ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಮತ್ತೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಸಾಧನವೇ ಟರ್ಬೋಚಾರ್ಜರ್. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದರ ಮೂಲ ಕಲ್ಪನೆಗೆ ಪೇಟೆಂಟ್ ಪಡೆದರು. ಮಾರಾಟದ ಕಾರುಗಳಿಗೆ ಇದು ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಕಾರುಗಳ ಮೂಲಕ. ಈ ಎರಡರಲ್ಲೂ ಇಂಟರ್‌ಕೂಲರ್ ಇರಲಿಲ್ಲ. 1978ರ ಪೋರ್ಷೆ 911 ಟರ್ಬೋ ಕಾರು ಇಂಟರ್‌ಕೂಲರ್ ಹೊತ್ತು ಬಂದು ಹೆಸರು ಮಾಡಿತು.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಕಂಡವರಿಗೆ ಇದು ಹೊಸದಲ್ಲ. ಬಿಸಿಯಾದ ಗಾಳಿ ಹಿಗ್ಗುತ್ತದೆ. ಅಷ್ಟೇ ಜಾಗದಲ್ಲಿ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಆದ್ದರಿಂದ ಟರ್ಬೋ ಮತ್ತು ಇಂಜಿನ್ನಿನ ನಡುವೆ ರೇಡಿಯೇಟರನ್ನು ಹೋಲುವ ಒಂದು ಅಲ್ಯೂಮಿನಿಯಂ ಪೆಟ್ಟಿಗೆಯನ್ನಿಟ್ಟು ಗಾಳಿಯನ್ನು ತಣಿಸಲಾಗುತ್ತದೆ. ಇದೇ ಇಂಟರ್‌ಕೂಲರ್. ಟಾಟಾ ಲಾರಿಗಳ 697 ಟಿಸಿಐಸಿ ಇಂಜಿನ್ನಿನ ಹೆಸರಿನಲ್ಲಿರುವ ನಾಲ್ಕು ಅಕ್ಷರಗಳ ಅರ್ಥವೂ ಇದೇ: ಟರ್ಬೋಚಾರ್ಜರ್ ಮತ್ತು ಇಂಟರ್‌ಕೂಲರ್ ಎರಡೂ ಉಳ್ಳದ್ದು.

ಲೆಕ್ಕ ಏನು ಹೇಳುತ್ತದೆ?

ಹೊರಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಇದೆ ಎಂದುಕೊಳ್ಳೋಣ. ಟರ್ಬೋ ಆ ಗಾಳಿಯ ಒತ್ತಡವನ್ನು ಎರಡು ಪಟ್ಟು ಮಾಡುತ್ತದೆ. ಅದರ ದಕ್ಷತೆ ಶೇ. 70. ಭೌತಶಾಸ್ತ್ರದ ಸಾಮಾನ್ಯ ಸೂತ್ರದಂತೆ ಟರ್ಬೋದಿಂದ ಹೊರಬೀಳುವ ಗಾಳಿಯ ಉಷ್ಣಾಂಶ ಸುಮಾರು 131 ಡಿಗ್ರಿ. ಅಂದರೆ 96 ಡಿಗ್ರಿ ಏರಿಕೆ.

ಈ ಏರಿಕೆಯಲ್ಲಿ ಶೇ. 70ರಷ್ಟನ್ನು ಇಳಿಸಬಲ್ಲ ಇಂಟರ್‌ಕೂಲರ್ ಇದ್ದರೆ ಇಂಜಿನ್ನಿಗೆ 64 ಡಿಗ್ರಿಯ ಗಾಳಿ ಸಿಗುತ್ತದೆ. ಇಂಟರ್‌ಕೂಲರ್ ಇಲ್ಲದ ಸ್ಥಿತಿಗೆ ಹೋಲಿಸಿದರೆ, ಅದೇ ಒತ್ತಡದಲ್ಲಿ ಗಾಳಿಯ ಪ್ರಮಾಣ ಸುಮಾರು ಶೇ. 20ರಷ್ಟು ಹೆಚ್ಚು. ಇದು ದೊಡ್ಡ ಲಾಭ. ಆದರೆ ಈ ಲಾಭವನ್ನು ಕಾರು ತಯಾರಕರು ಆಗಲೇ ಕೊಟ್ಟಿರುತ್ತಾರೆ.

ಈಗ ಹಣ ಕೊಟ್ಟು ಶೇ. 80ರಷ್ಟು ತಣಿಸುವ ದೊಡ್ಡ ಇಂಟರ್‌ಕೂಲರ್ ಹಾಕಿಸಿದರೆ ಗಾಳಿ 54 ಡಿಗ್ರಿಗೆ ಇಳಿಯುತ್ತದೆ. ಹಿಂದಿನದಕ್ಕಿಂತ ಹತ್ತು ಡಿಗ್ರಿ ಕಡಿಮೆ. ಆದರೆ ಗಾಳಿಯ ಪ್ರಮಾಣದಲ್ಲಿ ಹೆಚ್ಚಳ ಸುಮಾರು ಶೇ. 3 ಮಾತ್ರ. ಸರಿಯಾಗಿ ಕೆಲಸ ಮಾಡುತ್ತಿರುವ ಇಂಟರ್‌ಕೂಲರನ್ನು ಬದಲಿಸಿದರೆ ನಿರೀಕ್ಷಿಸಬಹುದಾದ ಲಾಭದ ಅಳತೆ ಇದು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಅದೇ ಇಂಟರ್‌ಕೂಲರ್ ಕೆಸರು ಕಟ್ಟಿ ಅಥವಾ ತಾನೇ ಕಾದು ಶೇ. 40ರಷ್ಟು ಮಾತ್ರ ತಣಿಸುವ ಸ್ಥಿತಿಗೆ ಬಂದರೆ ಇಂಜಿನ್ನಿಗೆ ಹೋಗುವ ಗಾಳಿ 93 ಡಿಗ್ರಿ ಮುಟ್ಟುತ್ತದೆ. ಗಾಳಿಯ ಪ್ರಮಾಣ ಸುಮಾರು ಶೇ. 8ರಷ್ಟು ಕುಸಿಯುತ್ತದೆ. ದೊಡ್ಡ ಇಂಟರ್‌ಕೂಲರ್‌ನಿಂದ ಗಳಿಸುವುದಕ್ಕಿಂತ, ಇರುವುದನ್ನು ಹಾಳುಗೆಡವಿ ಕಳೆದುಕೊಳ್ಳುವುದೇ ಹೆಚ್ಚು.

ಘಟ್ಟದಲ್ಲಿ ಆಗುವುದೇನು?

ಇಂಟರ್‌ಕೂಲರ್ ತನ್ನ ಮೇಲೆ ಬೀಸುವ ಗಾಳಿಯನ್ನು ನಂಬಿಕೊಂಡಿದೆ. ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಈ ಗಾಳಿಗೆ ಬರವಿಲ್ಲ. ಘಟ್ಟದ ತಿರುವಿನಲ್ಲಿ ಲಾರಿಯ ಹಿಂದೆ ಎರಡನೇ ಗೇರಿನಲ್ಲಿ 20 ಕಿ.ಮೀ. ವೇಗದಲ್ಲಿ ಹತ್ತುವಾಗ ಪರಿಸ್ಥಿತಿ ತದ್ವಿರುದ್ಧ. ಇಂಜಿನ್ನಿನ ಮೇಲೆ ಪೂರ್ಣ ಭಾರ, ಟರ್ಬೋದಲ್ಲಿ ಪೂರ್ಣ ಒತ್ತಡ, ಆದರೆ ಮುಂದಿನಿಂದ ಬರುವ ಗಾಳಿ ಅತ್ಯಲ್ಪ. ಕೆಲವೇ ನಿಮಿಷಗಳಲ್ಲಿ ಇಂಟರ್‌ಕೂಲರ್‌ನ ಲೋಹವೇ ಕಾದುಹೋಗುತ್ತದೆ. ಬುಡದಲ್ಲಿದ್ದ ಚುರುಕು ಅರ್ಧ ದಾರಿಯಲ್ಲಿ ಮಾಯವಾಗಲು ಇದು ಮುಖ್ಯ ಕಾರಣಗಳಲ್ಲೊಂದು.

ಎತ್ತರವೂ ಸ್ವಲ್ಪ ಪಾತ್ರ ವಹಿಸುತ್ತದೆ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಕುಮಟಾಕ್ಕೆ ಹೋಲಿಸಿದರೆ ಇಲ್ಲಿ ವಾಯುಮಂಡಲದ ಒತ್ತಡ ಸುಮಾರು ಶೇ. 7ರಷ್ಟು ಕಡಿಮೆ. ಟರ್ಬೋ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಆದರೆ ಅದಕ್ಕಾಗಿ ಹೆಚ್ಚು ತಿರುಗಬೇಕು, ಗಾಳಿಯನ್ನು ಇನ್ನಷ್ಟು ಕಾಯಿಸಬೇಕು.

ಪೆಟ್ರೋಲ್ ಮತ್ತು ಡೀಸೆಲ್ ಇಂಜಿನ್ನುಗಳು ಇದಕ್ಕೆ ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸುತ್ತವೆ. ಪೆಟ್ರೋಲ್ ಇಂಜಿನ್ನಿನಲ್ಲಿ ಬಿಸಿ ಗಾಳಿಯಿಂದ ಇಂಧನ ಅಕಾಲದಲ್ಲಿ ಹೊತ್ತಿ ಇಂಜಿನ್ ಬಡಿಯುವ ಅಪಾಯವಿದೆ. ಇದನ್ನು ತಪ್ಪಿಸಲು ಕಾರಿನ ಕಂಪ್ಯೂಟರ್ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ, ಟರ್ಬೋ ಒತ್ತಡವನ್ನೂ ತಗ್ಗಿಸುತ್ತದೆ. ಚಾಲಕನಿಗೆ ಇದು ಶಕ್ತಿಯ ಕುಸಿತವಾಗಿ ತಿಳಿಯುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಈ ಬಗೆಯ ಬಡಿತದ ಭಯವಿಲ್ಲ. ಆದರೆ ಗಾಳಿ ಕಡಿಮೆಯಾದಾಗ ಹೊಗೆಯ ಉಷ್ಣಾಂಶ ಏರುತ್ತದೆ, ಮಸಿ ಹೆಚ್ಚುತ್ತದೆ.

ಯಾವ ಕಾರಿನಲ್ಲಿ ಯಾವ ಬಗೆ?

ಬದಲಾವಣೆಯ ಯೋಚನೆ ಮಾಡುವ ಮೊದಲು ತಮ್ಮ ಕಾರಿನಲ್ಲಿರುವುದು ಯಾವ ಬಗೆಯದು ಎಂದು ಮಾಲೀಕರು ತಿಳಿಯಬೇಕು. ಮುಖ್ಯವಾಗಿ ಮೂರು ಬಗೆಗಳಿವೆ.

ಮೊದಲನೆಯದು ಬಂಪರಿನ ಹಿಂದೆ, ರೇಡಿಯೇಟರಿನ ಮುಂದೆ ಅಥವಾ ಪಕ್ಕದಲ್ಲಿ ಇರುವಂಥದ್ದು. ಇದಕ್ಕೆ ನೇರ ಗಾಳಿ ಸಿಗುತ್ತದೆ. ಕೆಸರು, ಕೀಟ, ತರಗೆಲೆಗಳೂ ಅಷ್ಟೇ ನೇರವಾಗಿ ಬಂದು ಬೀಳುತ್ತವೆ.

ಎರಡನೆಯದು ಇಂಜಿನ್ನಿನ ಮೇಲೆ ಕೂರುವಂಥದ್ದು. ಮಹೀಂದ್ರ ಸ್ಕಾರ್ಪಿಯೋ, 2009ರಲ್ಲಿ ಭಾರತಕ್ಕೆ ಬಂದ ಟೊಯೊಟಾ ಫಾರ್ಚುನರ್ ಮುಂತಾದವುಗಳ ಬಾನೆಟ್ಟಿನ ಮೇಲೆ ಕಾಣುವ ಗಾಳಿಬಾಯಿ ಇದಕ್ಕಾಗಿಯೇ ಇದೆ. ಕೊಳವೆ ಚಿಕ್ಕದಾದ್ದರಿಂದ ಆಕ್ಸಿಲರೇಟರಿಗೆ ಬೇಗ ಸ್ಪಂದಿಸುತ್ತದೆ. ಆದರೆ ವಾಹನ ನಿಧಾನವಾದಾಗ ಕೆಳಗಿನ ಇಂಜಿನ್ನಿನ ಶಾಖವೇ ಇದನ್ನು ಕಾಯಿಸುತ್ತದೆ. ರ‍್ಯಾಲಿಗಳಲ್ಲಿ ಹೆಸರಾದ ಸುಬಾರು ಇಂಪ್ರೆಜಾ ಎಸ್‌ಟಿಐ ಕಾರಿನ ಕೆಲವು ಮಾದರಿಗಳಲ್ಲಿ ಇಂಟರ್‌ಕೂಲರ್ ಮೇಲೆ ನೀರು ಚಿಮುಕಿಸುವ ವ್ಯವಸ್ಥೆಯನ್ನೇ ಇಡಲಾಗಿತ್ತು.

ಮೂರನೆಯದು ನೀರಿನಿಂದ ತಣಿಸುವಂಥದ್ದು. ಫೋಕ್ಸ್‌ವ್ಯಾಗನ್ ಪೋಲೋ ಟಿಎಸ್‌ಐ ಕಾರಿನಲ್ಲಿ ಇಂಟರ್‌ಕೂಲರ್ ಇಂಜಿನ್ನಿಗೆ ಗಾಳಿ ಹಂಚುವ ಭಾಗದೊಳಗೇ ಅಡಗಿದೆ. ಅದಕ್ಕೆ ಪ್ರತ್ಯೇಕ ನೀರಿನ ಹರಿವು ಮತ್ತು ರೇಡಿಯೇಟರ್ ಇವೆ. ಇಂಥ ಕಾರಿಗೆ ಮುಂದೊಂದು ದೊಡ್ಡ ಪೆಟ್ಟಿಗೆ ಸಿಕ್ಕಿಸುವ ಸುಲಭದ ಕೆಲಸ ಅನ್ವಯಿಸುವುದಿಲ್ಲ. ಇಲ್ಲಿ ಮೊದಲು ನೋಡಬೇಕಾದದ್ದು ಕೂಲಂಟ್ ಮಟ್ಟ ಮತ್ತು ಆ ನೀರನ್ನು ಹರಿಸುವ ಸಣ್ಣ ವಿದ್ಯುತ್ ಪಂಪು.

ಬದಲಿಸುವ ಮುನ್ನ ಮಾಡಬೇಕಾದ ಪರೀಕ್ಷೆ

ಘಟ್ಟದಲ್ಲಿ ಸೋಲುವ ಹಳೆಯ ಟರ್ಬೋ ಕಾರುಗಳಲ್ಲಿ ದೋಷ ಇಂಟರ್‌ಕೂಲರ್‌ನ ಗಾತ್ರದಲ್ಲಿರುವುದಕ್ಕಿಂತ ಅದರ ಆರೋಗ್ಯದಲ್ಲಿರುವ ಸಂಭವವೇ ಹೆಚ್ಚು. ಈ ಕ್ರಮದಲ್ಲಿ ಪರಿಶೀಲಿಸುವುದು ಒಳಿತು.

1. ಸೋರಿಕೆ: ಟರ್ಬೋದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸುಗಳು ಕಾಲಕ್ರಮೇಣ ಬಿರುಕು ಬಿಡುತ್ತವೆ, ಕ್ಲಿಪ್ಪುಗಳು ಸಡಿಲಗೊಳ್ಳುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಸೀಟಿಯಂಥ ಶಬ್ದ, ಹಳೆಯ ಡೀಸೆಲ್ ಕಾರುಗಳಲ್ಲಿ ಕಪ್ಪು ಹೊಗೆ, ಏರಿನಲ್ಲಿ ಎಚ್ಚರಿಕೆ ದೀಪ ಹೊತ್ತಿ ಶಕ್ತಿ ಥಟ್ಟನೆ ಕುಸಿಯುವುದು ಇದರ ಲಕ್ಷಣಗಳು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವುದರಿಂದ ಹೊಗೆ ಕಣ್ಣಿಗೆ ಬೀಳದೆ ಫಿಲ್ಟರೇ ಬೇಗ ಕಟ್ಟಿಕೊಳ್ಳಬಹುದು. ಗ್ಯಾರೇಜಿನಲ್ಲಿ ಕೊಳವೆಯ ಬಾಯಿ ಮುಚ್ಚಿ, ಕಾರಿನ ಸಾಮಾನ್ಯ ಟರ್ಬೋ ಒತ್ತಡ ಮೀರದಂತೆ ಗಾಳಿ ತುಂಬಿ, ಜೋಡಣೆಗಳಿಗೆ ಸಾಬೂನು ನೀರು ಹಚ್ಚಿದರೆ ಸೋರುವ ಜಾಗ ಗುಳ್ಳೆಗಳಿಂದ ತಿಳಿಯುತ್ತದೆ.

2. ಹೊರಗಿನ ಕೊಳೆ: ಮಳೆಗಾಲದ ಕೆಂಪು ಕೆಸರು ಒಣಗಿ ರೆಕ್ಕೆಗಳ ನಡುವೆ ಕೂತರೆ ಗಾಳಿ ನುಸುಳುವುದಿಲ್ಲ. ಹಿಂದಿನಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ನೀರನ್ನು ಹತ್ತಿರದಿಂದ ಹಾಯಿಸಿದರೆ ತೆಳುವಾದ ರೆಕ್ಕೆಗಳು ಮಡಚಿ ಹೋಗುತ್ತವೆ.

3. ಒಳಗಿನ ಆಯಿಲ್: ಕೊಳವೆಯ ಒಳಗೆ ತೆಳುವಾದ ಆಯಿಲ್ ಪಸೆ ಸಹಜ. ಆಯಿಲ್ ಮಡುಗಟ್ಟಿದ್ದರೆ ಟರ್ಬೋದ ಸೀಲು ಅಥವಾ ಇಂಜಿನ್ನಿನ ಹಬೆ ಹೊರಹಾಕುವ ವ್ಯವಸ್ಥೆಯಲ್ಲಿ ದೋಷವಿರಬಹುದು. ಇದನ್ನು ಅಲಕ್ಷಿಸುವಂತಿಲ್ಲ. ಡೀಸೆಲ್ ಇಂಜಿನ್ ಈ ಆಯಿಲನ್ನೇ ಇಂಧನವಾಗಿ ಎಳೆದುಕೊಂಡರೆ ಕೀಲಿ ತಿರುಗಿಸಿದರೂ ನಿಲ್ಲದೆ ಓಡಿ ಒಡೆದುಹೋಗಬಹುದು. ಟರ್ಬೋ ಬದಲಿಸಿದಾಗ ಇಂಟರ್‌ಕೂಲರನ್ನು ಸ್ವಚ್ಛಗೊಳಿಸದೆ ಅಥವಾ ಬದಲಿಸದೆ ಬಿಟ್ಟರೆ ಅದರಲ್ಲಿ ಉಳಿದ ಲೋಹದ ಚೂರುಗಳು ಇಂಜಿನ್ ಸೇರುವ ಅಪಾಯವೂ ಇದೆ.

4. ಇತರ ಕಾರಣಗಳು: ಕಟ್ಟಿಕೊಂಡ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಜಾರುವ ಕ್ಲಚ್, ಕೆಲಸ ನಿಲ್ಲಿಸಿದ ರೇಡಿಯೇಟರ್ ಫ್ಯಾನ್. ಇವುಗಳಿಂದಲೂ ಏರಿನಲ್ಲಿ ಕಾರು ಸೋಲುತ್ತದೆ.

5. ಅಳತೆ: ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ, ಘಟ್ಟ ಹತ್ತುವಾಗ ಇಂಟರ್‌ಕೂಲರ್ ದಾಟಿದ ಗಾಳಿಯ ಉಷ್ಣಾಂಶ, ಟರ್ಬೋ ಒತ್ತಡ ಮತ್ತು ಕೂಲಂಟ್ ಉಷ್ಣಾಂಶವನ್ನು ದಾಖಲಿಸಬೇಕು. ಇದನ್ನು ಪಕ್ಕದಲ್ಲಿ ಕುಳಿತವರು ನೋಡಬೇಕೇ ಹೊರತು ಚಾಲಕನಲ್ಲ. ಕೆಲವು ಕಾರುಗಳಲ್ಲಿ ಸ್ಕ್ಯಾನರ್ ತೋರಿಸುವುದು ಏರ್ ಫಿಲ್ಟರ್ ಬಳಿಯ ಉಷ್ಣಾಂಶ ಮಾತ್ರ. ಅದರಿಂದ ಇಂಟರ್‌ಕೂಲರ್‌ನ ಕೆಲಸ ತಿಳಿಯುವುದಿಲ್ಲ ಎಂಬುದು ಗಮನದಲ್ಲಿರಲಿ.

ಈ ಐದನ್ನೂ ದಾಟಿದ ಮೇಲೆ, ಇಂಜಿನ್ನಿಗೆ ಸೇರುವ ಗಾಳಿ ಹೊರಗಿನ ಉಷ್ಣಾಂಶಕ್ಕಿಂತ 20-25 ಡಿಗ್ರಿಯೊಳಗೇ ಇದ್ದರೆ ಬದಲಾವಣೆಯಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಅಂತರ 45-50 ಡಿಗ್ರಿ ದಾಟಿ, ಅಲ್ಲೇ ನಿಂತರೆ ಮಾತ್ರ ಯೋಚಿಸಬಹುದು.

ಯಾರಿಗೆ ಲಾಭ?

ಇಂಟರ್‌ಕೂಲರ್ ಒಂದನ್ನೇ ಬದಲಿಸಿದರೆ ಕಾರಿನ ಶಕ್ತಿ ತಾನಾಗಿ ಏರುವುದಿಲ್ಲ. ಇಂಧನ ಎಷ್ಟು, ಟರ್ಬೋ ಒತ್ತಡ ಎಷ್ಟು ಎಂಬುದನ್ನು ನಿರ್ಧರಿಸುವುದು ಕಾರಿನ ಕಂಪ್ಯೂಟರ್. ತಯಾರಕರು ನಿಗದಿಪಡಿಸಿದ ಮಿತಿಯನ್ನು ಅದು ದಾಟಗೊಡದು. ಟರ್ಬೋ ಪೆಟ್ರೋಲ್ ಕಾರಿನಲ್ಲಿ ದೊಡ್ಡ ಇಂಟರ್‌ಕೂಲರ್ ಬಿಸಿಲಿನಲ್ಲಿ ಕಳೆದುಹೋಗುತ್ತಿದ್ದ ಶಕ್ತಿಯನ್ನು ಉಳಿಸಿಕೊಡಬಹುದು. ಡೀಸೆಲ್ ಕಾರಿನಲ್ಲಿ ಹೊಗೆಯ ಉಷ್ಣಾಂಶ ತಗ್ಗಬಹುದು. ಮೋಟಾರು ಕ್ರೀಡೆಗೆ, ಅಥವಾ ಇಂಜಿನ್ ಸಾಫ್ಟ್‌ವೇರ್ ಬದಲಿಸಿ ಟರ್ಬೋ ಒತ್ತಡ ಏರಿಸಿದ ಕಾರುಗಳಿಗೆ ಇದು ಬಹುತೇಕ ಅನಿವಾರ್ಯ. ದಿನನಿತ್ಯದ ಓಡಾಟದ, ಬದಲಾವಣೆ ಕಾಣದ ಕಾರಿಗೆ ಹಾಗಲ್ಲ.

ಆಯ್ಕೆ ಮಾಡುವಾಗ

ದೊಡ್ಡದೆಲ್ಲ ಒಳ್ಳೆಯದಲ್ಲ. ಪೆಟ್ಟಿಗೆ ದೊಡ್ಡದಾದಷ್ಟೂ ಅದನ್ನು ತುಂಬಲು ಟರ್ಬೋಗೆ ಹೆಚ್ಚು ಸಮಯ ಬೇಕು. ತಿರುವು ಮುಗಿದು ಆಕ್ಸಿಲರೇಟರ್ ಒತ್ತಿದಾಗ ಕಾರು ಒಂದು ಕ್ಷಣ ತಡವಾಗಿ ಸ್ಪಂದಿಸುತ್ತದೆ. ಕಳಪೆ ವಿನ್ಯಾಸದ ಪೆಟ್ಟಿಗೆಯೊಳಗೆ ಗಾಳಿ ಒತ್ತಡ ಕಳೆದುಕೊಳ್ಳುತ್ತದೆ; ಆ ಕೊರತೆ ತುಂಬಲು ಟರ್ಬೋ ಇನ್ನಷ್ಟು ವೇಗವಾಗಿ ತಿರುಗಬೇಕು.

ರಚನೆಯಲ್ಲಿ ಎರಡು ವಿಧಗಳಿವೆ. ತೆಳು ಕೊಳವೆ ಮತ್ತು ರೆಕ್ಕೆಗಳ ಜೋಡಣೆ ಹಗುರ. ತನ್ನ ಹಿಂದಿರುವ ರೇಡಿಯೇಟರಿಗೂ ಗಾಳಿ ಬಿಡುತ್ತದೆ. ಪಟ್ಟಿ ಮತ್ತು ತಗಡುಗಳ ಜೋಡಣೆ ಭಾರ, ಗಟ್ಟಿ. ಲೋಹ ಹೆಚ್ಚಿರುವುದರಿಂದ ಕಾಯಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ, ತಣಿಯಲೂ ಅಷ್ಟೇ. ಸ್ವಲ್ಪ ಹೊತ್ತಿನ ಏರಿಗೆ ಇದು ಅನುಕೂಲ. ದೀರ್ಘವಾದ ನಿಧಾನದ ಏರಿನಲ್ಲಿ ಒಮ್ಮೆ ಕಾದರೆ ಅದರ ಅನುಕೂಲ ಮುಗಿಯಿತು.

ಘಟ್ಟದ ಚಾಲಕರು ವಿಶೇಷವಾಗಿ ಗಮನಿಸಬೇಕಾದದ್ದು ರೇಡಿಯೇಟರ್. ಮುಂದೆ ದಪ್ಪ ಇಂಟರ್‌ಕೂಲರ್ ಕೂರಿಸಿದರೆ ಹಿಂದಿನ ಎ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರಿಗೆ ಗಾಳಿ ಕಡಿಮೆಯಾಗುತ್ತದೆ. ಗಾಳಿಯನ್ನು ತಣಿಸಲು ಹೋಗಿ ಇಂಜಿನ್ನನ್ನೇ ಕುದಿಸಿಕೊಳ್ಳುವ ಸಂಭವ ಏರಿನಲ್ಲಿ ಹೆಚ್ಚು. ಅಳವಡಿಕೆಗಾಗಿ ಬಂಪರಿನ ಹಿಂದಿರುವ ಉಕ್ಕಿನ ತೊಲೆಯನ್ನು ಕತ್ತರಿಸುವ ಸಲಹೆ ಬಂದರೆ ಒಪ್ಪಬಾರದು. ಅಪಘಾತದಲ್ಲಿ ಮೊದಲ ಪೆಟ್ಟು ತಡೆಯುವುದು ಅದೇ. ಬಂಪರಿನ ಕೆಳಗೆ ಇಳಿಬಿದ್ದ ಇಂಟರ್‌ಕೂಲರ್ ಹಳ್ಳಿ ರಸ್ತೆಯ ಕಲ್ಲಿಗೆ, ಹಂಪಿಗೆ ತಾಗುತ್ತದೆ. ಕರಾವಳಿಯಲ್ಲಿ ಹೆಚ್ಚು ಓಡುವ ಕಾರುಗಳಲ್ಲಿ ಉಪ್ಪುಗಾಳಿಯಿಂದ ಅಲ್ಯೂಮಿನಿಯಂ ರೆಕ್ಕೆಗಳು ಸವೆಯುತ್ತವೆ.

ಸಿಲಿಕೋನ್ ಹೋಸು ಹಾಕಿಸುವುದಾದರೆ ಒಳಪದರ ಆಯಿಲ್ ತಡೆಯುವ ಫ್ಲೋರೋಸಿಲಿಕೋನ್ ಆಗಿರಬೇಕು. ಸಾಮಾನ್ಯ ಸಿಲಿಕೋನ್ ಆಯಿಲ್ ಪಸೆಗೆ ಮೆತ್ತಗಾಗುತ್ತದೆ. ಅಳವಡಿಸಿದ ನಂತರ ಸೋರಿಕೆ ಪರೀಕ್ಷೆಯನ್ನು ಮತ್ತೆ ಮಾಡಿಸಿ, ಅದೇ ಘಟ್ಟದಲ್ಲಿ, ಅದೇ ಹೊತ್ತಿನಲ್ಲಿ, ಅಷ್ಟೇ ಭಾರದೊಂದಿಗೆ ಅಳತೆ ಪುನರಾವರ್ತಿಸಬೇಕು. ಗಾಳಿಯ ಉಷ್ಣಾಂಶ ಇಳಿದು ಕೂಲಂಟ್ ಉಷ್ಣಾಂಶ ಏರಿದ್ದರೆ ಆ ಬದಲಾವಣೆ ಸಫಲವಾಗಿಲ್ಲ ಎಂದೇ ಅರ್ಥ.

ಕಾನೂನು ಮತ್ತು ವಿಮೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನೀಡಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ನೀಡಿದ ತೀರ್ಪು ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯ 182ಎ ಕಲಂ, ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ.

ಹಾಳಾದ ಇಂಟರ್‌ಕೂಲರ್ ತೆಗೆದು ತಯಾರಕರು ಸೂಚಿಸಿದ್ದನ್ನೇ ಹಾಕುವುದು ದುರಸ್ತಿ, ಅದಕ್ಕೆ ಅಡ್ಡಿಯಿಲ್ಲ. ಬೇರೆ ಗಾತ್ರದ್ದನ್ನು ಹಾಕಲು ಬಂಪರ್, ಚೌಕಟ್ಟು ಕತ್ತರಿಸುವುದು ಅಥವಾ ಇಂಜಿನ್ ಸಾಫ್ಟ್‌ವೇರ್ ಬದಲಿಸುವುದು ಬೇರೆ ವಿಷಯ. ಸಂದೇಹವಿದ್ದವರು ಕೆ.ಎ.-31 ನೋಂದಣಿಯ ವಾಹನಗಳಿಗೆ ಸಂಬಂಧಿಸಿದ ಶಿರಸಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ, ಬೇರೆ ನೋಂದಣಿಯವರು ತಮ್ಮ ವ್ಯಾಪ್ತಿಯ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸುವುದು ಕ್ಷೇಮ. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ಪರಿಹಾರಕ್ಕೆ ತಕರಾರು ಬರಬಹುದು. ವಾರಂಟಿ ಇರುವ ಕಾರಿನಲ್ಲಿ ಟರ್ಬೋ ಅಥವಾ ಇಂಜಿನ್ ಕೆಟ್ಟರೆ, ಅದರ ವೆಚ್ಚ ಇಂಟರ್‌ಕೂಲರ್ ಬೆಲೆಯ ಹಲವು ಪಟ್ಟು ಎಂಬುದನ್ನು ಮರೆಯಬಾರದು.

ಘಟ್ಟದಲ್ಲಿ ಪಾಲಿಸಬಹುದಾದ ಕ್ರಮಗಳು

ಖರ್ಚಿಲ್ಲದ ಕೆಲವು ಕ್ರಮಗಳಿಂದಲೂ ಇಂಟರ್‌ಕೂಲರ್‌ಗೆ ನೆರವಾಗಬಹುದು. ಲಾರಿಯ ಬೆನ್ನಿಗೇ ಅಂಟಿಕೊಂಡು ಅದರ ಬಿಸಿ ಹೊಗೆ ಕುಡಿಯುತ್ತ ಹತ್ತುವ ಬದಲು ಸಾಕಷ್ಟು ಅಂತರ ಬಿಡುವುದು. ಎತ್ತರದ ಗೇರಿನಲ್ಲಿ ಇಂಜಿನ್ ನರಳುವಂತೆ ಮಾಡದೆ ಸರಿಯಾದ ಸಮಯಕ್ಕೆ ಗೇರ್ ಇಳಿಸುವುದು. ಏರು ಮುಗಿದ ಕೂಡಲೇ ಇಂಜಿನ್ ಆರಿಸದೆ ಒಂದೆರಡು ನಿಮಿಷ ನಿಧಾನಗತಿಯಲ್ಲಿ ಓಡಲು ಬಿಟ್ಟು ಟರ್ಬೋ ತಣಿಸುವುದು. ಮಳೆಗಾಲದ ನಡುವೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಇಂಟರ್‌ಕೂಲರ್ ತೊಳೆಸುವುದು. ವರ್ಷಕ್ಕೊಮ್ಮೆ ಹೋಸು ಮತ್ತು ಕ್ಲಿಪ್ಪುಗಳನ್ನು ನೋಡಿಸುವುದು.

ಬಿರುಕು ಬಿಟ್ಟ ಹೋಸು, ಕೆಸರು ಕಟ್ಟಿದ ರೆಕ್ಕೆ, ಸಡಿಲ ಕ್ಲಿಪ್ಪು ಇವು ಮೂರೂ ಶಿರಸಿ, ಸಿದ್ದಾಪುರ ಅಥವಾ ಯಲ್ಲಾಪುರದ ಯಾವುದೇ ಗ್ಯಾರೇಜಿನಲ್ಲಿ ಸರಿಹೋಗಬಲ್ಲ ಕೆಲಸಗಳು. ಇವನ್ನು ಮುಗಿಸಿದ ಮೇಲೂ ಕಾರು ಅರಬೈಲಿನಲ್ಲೋ ದೇವಿಮನೆಯಲ್ಲೋ ಸೋತರೆ, ಕೈಯಲ್ಲಿ ಅಳತೆಯ ಅಂಕಿಗಳನ್ನಿಟ್ಟುಕೊಂಡು ಹೊಸ ಇಂಟರ್‌ಕೂಲರ್ ಬಗ್ಗೆ ವಿಚಾರಿಸಬಹುದು.